ಊದುಬತ್ತಿ ಬಂದರೆ ಹಸಿವು

ನೀವು ಇದನ್ನು ನಂಬುವುದಿಲ್ಲ, ನನಗೆ ಗೊತ್ತು. ನನ್ನ ಕ್ಲಾಸಿನಲ್ಲಿ ಒಬ್ಬರೂ ನಂಬಿಲ್ಲ. ನಂಬದವರ ಮುಖ ನೋಡಿಕೊಂಡು ಕಥೆ ಹೇಳುವುದು ನನಗೆ ಅಭ್ಯಾಸವಾಗಿ ಹೋಗಿದೆ, ಹಾಗಾಗಿ ನೀವು ಆರಾಮಾಗಿ ನಂಬದೆಯೇ ಓದಿ. ವಿಷಯ ಇಷ್ಟೇ: ಊದುಬತ್ತಿಯ ಪರಿಮಳ ಬಂದರೆ ನನಗೆ ಹಸಿವಾಗುತ್ತದೆ.

ಸಣ್ಣ ಹಸಿವಲ್ಲ, ಬಾಳೆಲೆಗೆ ನೀರು ಚಿಮುಕಿಸಿ ಕೂತವರ ಹಸಿವು. ದೇವಸ್ಥಾನದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದು ನಿಂತಿರುವಾಗ ನಾನು ಎಂಜಲು ನುಂಗುತ್ತಿರುತ್ತೇನೆ. ಮೊನ್ನೆ ಕಾಲೇಜಿನ ಶಾರದಾಪೂಜೆಯಲ್ಲಿ ಯಾರೋ ಒಂದಿಡೀ ಕಟ್ಟು ಊದುಬತ್ತಿ ಒಟ್ಟಿಗೇ ಹಚ್ಚಿದರು. ನನ್ನ ಹೊಟ್ಟೆ ಮಾಡಿದ ಸದ್ದಿಗೆ ಮುಂದಿನ ಸಾಲಿನ ಲೆಕ್ಚರರ್ ತಿರುಗಿ ನೋಡಿದರು. ನಾನು ಎರಡೂ ಕೈ ಎದೆಗೊತ್ತಿಕೊಂಡು, ಭಕ್ತಿ ತಡೆಯಲಾಗದವಳ ಹಾಗೆ ನಿಂತೆ. ಭಕ್ತಿಯಲ್ಲ ಅದು, ಬಂಗಡೆ. ಗಂಧದ ಊದುಬತ್ತಿಯಾದರೆ ಬಂಗಡೆ ಮೀನಿನ ಸಾರು ನೆನಪಾಗುತ್ತದೆ. ಮಲ್ಲಿಗೆಯದಾದರೆ ಬೂತಾಯಿ ಮೀನು ಹುರಿದದ್ದು. ದೇವರು ಇದನ್ನು ಹೇಗೆ ತೆಗೆದುಕೊಳ್ಳುತ್ತಾನೋ ಗೊತ್ತಿಲ್ಲ, ಆದರೆ ತಪ್ಪು ನನ್ನದಲ್ಲ. ತಪ್ಪು ಕುಂದಾಪುರದ ಆ ಬಿಲ್ಡಿಂಗಿನದು.

ಬಿಲ್ಡಿಂಗ್ ಎಂದ ಕೂಡಲೇ ನೀವು ದೊಡ್ಡದಾಗಿ ಯೋಚಿಸಿಬಿಡಬೇಡಿ. ಮೂರೇ ಮಹಡಿ. ಲಿಫ್ಟಿಗೆಂದು ಬಾವಿಯಂಥ ಜಾಗ ಬಿಟ್ಟಿದ್ದರು, ಲಿಫ್ಟ್ ಬರಲಿಲ್ಲ, ಅದರೊಳಗೆ ಯಾರೋ ತೆಂಗಿನಕಾಯಿ ರಾಶಿ ಹಾಕಿದ್ದರು. ಹೊರಗೋಡೆಯಲ್ಲಿ ಹೆಸರು ಬರೆಯಲು ಹತ್ತಿದ ಪೇಂಟರ್ 'ಶ್ರೀ' ಎಂದು ಬರೆದು, ಮಳೆ ಬಂತೆಂದು ಇಳಿದವನು, ಮತ್ತೆ ಹತ್ತಿರಲಿಲ್ಲ. ರಿಕ್ಷಾದವರಿಗೆ ಅದು ಶ್ರೀ ಬಿಲ್ಡಿಂಗ್ ಎಂದೇ ಗೊತ್ತು. ಒಂದು ಮಹಡಿಗೆ ಎರಡು ಮನೆ, ಬಾಗಿಲಿಗೆ ಎದುರು ಬಾಗಿಲು. ನಡುವಿನ ಜಾಗ ಎಷ್ಟು ಅಗಲವೆಂದರೆ, ಎದುರು ಮನೆಯವರು ಚಪ್ಪಲಿ ಬಿಟ್ಟರೆ ನಾವು ಹಾಕಿಕೊಂಡು ಹೋಗಬಹುದು.

ನಮ್ಮ ಬಾಗಿಲಿನಲ್ಲಿ ಹೊರಗೆ ಯಾರು ಬಂದಿದ್ದಾರೆಂದು ನೋಡುವ ಗಾಜಿನ ಕಣ್ಣು ಇತ್ತು. ಅದನ್ನು ಕೂರಿಸಿದ ಆಚಾರಿಗೆ ಅವತ್ತು ಏನು ಗಡಿಬಿಡಿಯೋ, ತಿರುಗಿಸಿ ಕೂರಿಸಿದ್ದ. ಒಳಗಿನಿಂದ ನೋಡಿದರೆ ಮಸಿ. ಹೊರಗಿನಿಂದ ನೋಡಿದರೆ ನಮ್ಮ ಇಡೀ ಹಾಲ್, ಅದರಲ್ಲಿ ಬನಿಯನ್ನು ಹಾಕಿಕೊಂಡು ಮಲಗಿದ ಅಪ್ಪಯ್ಯ. ಅಮ್ಮ ಅದರ ಮೇಲೆ ತನ್ನದೊಂದು ದೊಡ್ಡ ಬಿಂದಿ ಅಂಟಿಸಿದಳು. ನಮ್ಮ ಬಾಗಿಲು ಕುಂಕುಮ ಇಟ್ಟುಕೊಂಡ ಮುತ್ತೈದೆಯ ಹಾಗೆ ಕಾಣುತ್ತಿತ್ತು.

ಅಮ್ಮನಿಗೆ ಮನೆ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ಬೈಂದೂರಿನ ಮನೆ ಬಿಟ್ಟದ್ದು ಅದರ ಯಜಮಾನರ ಮಗನಿಗೆ ಮದುವೆಯಾಯಿತೆಂದು. ಬ್ರಹ್ಮಾವರದ್ದು ಬಿಟ್ಟದ್ದು ಅವರು ಮನೆ ಮಾರಿದರೆಂದು. ಬಸ್ರೂರಿನದು ಬಿಟ್ಟದ್ದು ಮೀನಿಗಾಗಿ. ಅಲ್ಲಿ ನಾವು ಮೇಲೆ, ಯಜಮಾನರು ಕೆಳಗೆ. ಮೀನು ಸಾರಿನ ವಾಸನೆ ಮೇಲಕ್ಕೆ ಹೋಗುತ್ತದೆಂದು ನಮ್ಮ ತಿಳುವಳಿಕೆ, ಆದರೆ ಆ ಮನೆಯಲ್ಲಿ ಅದು ಮೆಟ್ಟಿಲಿಳಿದು ಅವರ ದೇವರಕೋಣೆಗೇ ಹೋಗುತ್ತಿತ್ತಂತೆ. ಅವರು ಜಗಳ ಮಾಡಲಿಲ್ಲ. ಬಂದು, ಅಮ್ಮ ಕೊಟ್ಟ ನೀರು ಬೆಲ್ಲ ಮುಟ್ಟದೆ, ಬೇರೆ ಮನೆ ನೋಡಿಕೊಳ್ಳಿ ಎಂದು ಹೇಳಿ ಹೋದರು. ಪ್ರತಿ ಸಲವೂ ಅಮ್ಮನ ಹೊಲಿಗೆ ಮಿಷನ್ನು, ಕಬ್ಬಿಣದ ಕಪಾಟು, ಉಪ್ಪಿನಕಾಯಿ ಭರಣಿ ಎಲ್ಲ ಟೆಂಪೋ ಹತ್ತುತ್ತಿದ್ದವು. ಆ ಊರಲ್ಲಿ ಕಷ್ಟಪಟ್ಟು ಹಿಡಿದ ರವಿಕೆ ಹೊಲಿಸುವವರೆಲ್ಲ ಅಲ್ಲೇ ಉಳಿಯುತ್ತಿದ್ದರು. ಹೊಸ ಊರಿನಲ್ಲಿ ಮತ್ತೆ ಮೊದಲಿನಿಂದ ಕುತ್ತಿಗೆ ಅಳತೆ, ತೋಳಿನ ಅಳತೆ.

"ಕಾಣಿ, ಇನ್ನೊಂದ್ ಸಲ ಗಂಟ್ ಕಟ್ಟುಕೆ ನನ್ ಕೈಯಗ್ ಆಪ್ದಿಲ್ಲ," ಎಂದಳು ಅಮ್ಮ, ಕುಂದಾಪುರಕ್ಕೆ ಬಂದ ದಿನ ಅಪ್ಪಯ್ಯನ ಹತ್ತಿರ. "ಇಲ್ಲಿಂದನೂ ಎಬ್ಸಿರೆ ನಾ ಆ ಲಿಫ್ಟಿನ್ ಗುಂಡಿಯೊಳ್ಗೆ ಕಾಯಿ ಜೊತಿಗೆ ಕೂಕಂತೆ. ನೀವ್ ಅಪ್ಪ ಮಗ್ಳ್ ಎಲ್ಲಿಗ್ ಬೇಕಾರೂ ಹೋಯ್ಕಣಿ."

ಅವಳು ತಮಾಷೆಗೆ ಹೇಳಲಿಲ್ಲ. ಹೇಳುವಾಗ ಕಪಾಟಿಗೆ ಒರಗಿ ನೆಲದಲ್ಲಿ ಕೂತಿದ್ದಳು, ಫ್ಯಾನ್ ಹಾಕಲೂ ಏಳಲಿಲ್ಲ.

ಬೀಗದ ಕೈ ಕೊಡಲು ಬಂದ ಮನೆ ಓನರ್ ಬಹಳ ಚೊಕ್ಕಟದ ಮನುಷ್ಯ. ನಮ್ಮ ಮಹಡಿಯ ಎರಡೂ ಮನೆ ಅವರವೇ. ಹೋಗುವಾಗ ಸ್ವರ ತಗ್ಗಿಸಿ, "ಎದ್ರ್ ಮನಿಯರ್ ಭಾರಿ ಶುದ್ಧದ್ ಜನ. ಒಂಚೂರ್ ಕಂಡ್ಕಂಡ್ ಇರಿ, ಅಕಾ," ಎಂದರು. ಅಷ್ಟೇ. ಅಮ್ಮ ಅವತ್ತು ರಾತ್ರಿಯ ಅಡುಗೆಗೆ ತಂದಿಟ್ಟ ಒಣಮೀನಿನ ಪೊಟ್ಟಣವನ್ನು ಬಿಚ್ಚದೆ, ಇನ್ನೂ ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟಳು.

ಶುದ್ಧದ ಜನ ಎಂದರೆ ವಾರಿಜಕ್ಕ ಮತ್ತು ಅವರ ಗಂಡ ನಾಣಣ್ಣ. ಇಬ್ಬರೇ. ಬೊಂಬಾಯಿಯಲ್ಲಿ ಬಹಳ ವರ್ಷ ಇದ್ದು ಊರಿಗೆ ಬಂದವರು. ನಾಣಣ್ಣ ಬೆಳಿಗ್ಗೆ ಹಣೆಗೆ ಗಂಧ ಹಚ್ಚಿಕೊಂಡು ಹಾಲು ತರಲು ಇಳಿಯುತ್ತಿದ್ದರು. ವಾರಿಜಕ್ಕ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದರು, ಕುಂಡದಲ್ಲಿ ತುಳಸಿ ಇತ್ತು. ಇಷ್ಟು ಸಾಕ್ಷಿ ಅಮ್ಮನಿಗೆ ಸಾಕು.

ನಮ್ಮ ಕಡೆ ಇಬ್ಬರು ಸಿಕ್ಕಿದರೆ ಮೊದಲು ಯಾವ ಮನೆ, ಯಾರ ಪೈಕಿ, ಅಮ್ಮನ ಊರು ಯಾವುದು ಎಂದು ಕೇಳುತ್ತಾರೆ. ಕೇಳಿದರೆ ಮಾತು ಬಿಚ್ಚಿ, ಒಂದು ಲೋಟ ಚಾ ಆರುವುದರೊಳಗೆ ಅಜ್ಜಿಯ ಹೆಸರಿನವರೆಗೆ ಹೊರಬರುತ್ತದೆ. ಅಮ್ಮ ಆ ಪ್ರಶ್ನೆಗೆ ಜಾಗವನ್ನೇ ಕೊಡಲಿಲ್ಲ. ವಾರಿಜಕ್ಕ ಎದುರಾದರೆ ಬಾಯಿ ಬಿಗಿಹಿಡಿದು ನಕ್ಕು ಒಳಗೆ ಬರುತ್ತಿದ್ದಳು. ಮಾತಾಡಿದರೆ ಬಾಯಿಂದಲೇ ಬೂತಾಯಿ ವಾಸನೆ ಹೊರಟರೆ ಏನು ಮಾಡುವುದು ಎಂಬ ಹೆದರಿಕೆ. ವಾರಿಜಕ್ಕನೂ ಹಾಗೇ ಬಾಯಿ ಮುಚ್ಚಿ ನಕ್ಕು ಒಳಗೆ ಹೋಗುತ್ತಿದ್ದರು. ಗರ್ವ ಎಂದಳು ಅಮ್ಮ.

ಇನ್ನು ಮೀನು ತಿನ್ನದೇ ಇರಬಹುದಿತ್ತಲ್ಲ ಎಂದು ನೀವು ಕೇಳಿದರೆ ನೀವು ಘಟ್ಟದ ಮೇಲಿನವರು. ನಮ್ಮ ಅಪ್ಪಯ್ಯ ಬೈಂದೂರು ಕುಂದಾಪುರ ಬಸ್ಸಿನ ಕಂಡಕ್ಟರ್. ಮುಳ್ಳಿಕಟ್ಟೆಯಲ್ಲಿ ಗಂಗೊಳ್ಳಿ ಕಡೆಯ ಹೆಂಗಸರು ಮೀನಿನ ಬುಟ್ಟಿ ಹಿಡಿದು ಅವರ ಬಸ್ಸಿಗೇ ಹತ್ತುತ್ತಾರೆ. ದೋಣಿಯಿಂದ ಇಳಿದ ಬಂಗಡೆಗೆ ನಮಗಿಂತ ಹತ್ತಿರದ ನೆಂಟರಿಲ್ಲ. ಒಂದು ವಾರ ಮೀನಿಲ್ಲದಿದ್ದರೆ ಅಪ್ಪಯ್ಯ ಊಟದ ತಟ್ಟೆಯನ್ನು ಟಿಕೆಟ್ ತೆಗೆಯದೆ ಸಿಕ್ಕಿಬಿದ್ದ ಪ್ರಯಾಣಿಕನನ್ನು ನೋಡಿದ ಹಾಗೆ ನೋಡುತ್ತಾರೆ.

ಹಾಗಾಗಿ ಮೀನು ಬರುತ್ತಿತ್ತು, ಕಳ್ಳಸಾಗಣೆಯಲ್ಲಿ. ಅಪ್ಪಯ್ಯನ ಹತ್ತಿರ ಹೊಸದಾಗಿ ಒಂದು ಮೊಬೈಲ್ ಬಂದಿತ್ತು. ಅದರಲ್ಲಿ ಮಾತಾಡಿದರೆ ದುಡ್ಡು ಹೋಗುತ್ತದೆಂದು ಮನೆಯ ಫೋನಿಗೆ ಮಿಸ್ಡ್ ಕಾಲ್ ಮಾತ್ರ ಕೊಡುತ್ತಿದ್ದರು. ಒಂದು ಮಿಸ್ಡ್ ಕಾಲ್ ಬಂದರೆ ಬೂತಾಯಿ, ಎರಡು ಬಂದರೆ ಬಂಗಡೆ. ಕೂಡಲೇ ಅಮ್ಮ ಕಿಟಕಿ ಮುಚ್ಚುವುದು, ಒದ್ದೆ ಟವೆಲ್ಲನ್ನು ಸುರುಳಿ ಸುತ್ತಿ ಬಾಗಿಲಡಿಗೆ ತುರುಕುವುದು, ಊದುಬತ್ತಿ ಸಿದ್ಧ ಮಾಡುವುದು. ಮೀನು ಬರುತ್ತಿದ್ದದ್ದು ಅಪ್ಪಯ್ಯನ ಬುತ್ತಿ ಕ್ಯಾರಿಯರ್‌ನಲ್ಲಿ. ಮೇಲಿನ ಪಾತ್ರೆಯಲ್ಲಿ ಅನ್ನದ ಎರಡು ಅಗುಳು, ಕೆಳಗಿನ ಎರಡರಲ್ಲಿ ಬಾಲ ಮಡಚಿಕೊಂಡ ಬಂಗಡೆಗಳು.

ಒಗ್ಗರಣೆಯ ಹೊತ್ತಿಗೆ ನನ್ನ ಕೆಲಸ ಊದುಬತ್ತಿ ಹಿಡಿದು ಅಡುಗೆಮನೆಗೆ ಸುತ್ತು ಬರುವುದು. ಒಂದು ಕಡ್ಡಿ ಎರಡು ಕಡ್ಡಿಯಲ್ಲ, ಮುಷ್ಟಿ ತುಂಬ. ಒಂದು ಕೈಯಲ್ಲಿ ಸಮಾಜ ವಿಜ್ಞಾನದ ಪುಸ್ತಕ, ಇನ್ನೊಂದರಲ್ಲಿ ಹೊಗೆ. ಪಾಣಿಪತ್ ಯುದ್ಧವನ್ನು ನಾನು ಓದಿದ್ದೇ ಹಾಗೆ. ಯಾರ್ಯಾರು ಸತ್ತರೆಂದು ಈಗಲೂ ನೆನಪಿಲ್ಲ, ಕಣ್ಣಲ್ಲಿ ನೀರು ಬಂದದ್ದು ನೆನಪಿದೆ. ಉಣ್ಣುವಾಗ ಬಾಯಿಗೆ ಬಂಗಡೆ, ಮೂಗಿಗೆ ಗಂಧ. ಈಗ ನನ್ನ ಹೊಟ್ಟೆಯ ಕಥೆ ನಿಮಗೆ ಅರ್ಥವಾಗಿರಬೇಕು.

ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜ ಇದ್ದರು. ಅವರ ಕೆಲಸ ಕೆಮ್ಮುವುದು. ನಮ್ಮ ಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಶುರುಮಾಡುತ್ತಿದ್ದರು. ಅಜ್ಜ ಕೆಮ್ಮಿದರು, ಹುಳಿ ಹಾಕು ಎಂದು ನಾನು ಅಮ್ಮನಿಗೆ ಹೇಳುತ್ತಿದ್ದೆ. ಗಡಿಯಾರ ಬೇಕಾಗಿರಲಿಲ್ಲ.

ಮುಳ್ಳು, ತಲೆ, ಹೊಟ್ಟೆಯೊಳಗಿನದ್ದು ಎಲ್ಲ ಮರುದಿನ ನನ್ನ ಜೊತೆ ಶಾಲೆಯ ಕಡೆ ಹೊರಡುತ್ತಿದ್ದವು, ಪೇಪರಿನಲ್ಲಿ ಸುತ್ತಿ, ಊಟದ ಚೀಲದಲ್ಲಿ. ಬಸ್‌ಸ್ಟ್ಯಾಂಡಿನ ಹಿಂದೆ ಎಸೆಯಬೇಕು. ಅಲ್ಲಿನ ಒಂದು ಹಳದಿ ಬೆಕ್ಕು ನನ್ನನ್ನು ಗುರುತಿಟ್ಟುಕೊಂಡು, ಟ್ಯೂಷನ್ನಿಗೆ ಬಂತು, ಕೊನೆಗೆ ಶ್ರೀ ಬಿಲ್ಡಿಂಗಿಗೂ ಬಂತು. ನಾನು ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟೆ.

ಹೀಗಿರುವಾಗ ಚೌತಿ ಬಂತು. ಚೌತಿಯ ದಿನ ವಾರಿಜಕ್ಕ ಬಾಗಿಲು ಬಡಿದು, ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಸರುಬೇಳೆ ಪಾಯಸ ಕೊಟ್ಟು, ಒಳಗೆ ಕಾಲಿಡದೆ ಹೋದರು. ಪಾಯಸ ಒಳ್ಳೆಯದಿತ್ತು. ಅದೇ ತೊಂದರೆ. ಕೊಟ್ಟ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಕ್ರಮ ನಮ್ಮಲ್ಲಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಅಮ್ಮನಿಗೆ ಚೆನ್ನಾಗಿ ಬರುವ ಅಡುಗೆ ಎಲ್ಲ ಕಡಲಿನದ್ದು.

"ಸಕ್ರಿ ಹಾಕಿ ಕೊಡಮ್ಮ," ಎಂದೆ ನಾನು.

"ಪಾಯ್ಸ ಕೊಟ್ಟರಿಗೆ ಸಕ್ರಿಯಾ? ನಾಳೆ ಉಪ್ಪ್ ಹಾಕಿ ಕೊಡ್ ಅಂತೆ ನೀನ್. ಸುಮ್ನಿರ್ ಹೆಣೆ."

"ಹೋಳ್ಗಿ ಮಾಡ್."

ಹೋಳಿಗೆ ಮಾಡಿದಳು. ಅದನ್ನು ಕೊಡುವ ಬದಲು ಅಪ್ಪಯ್ಯ ಸ್ಟೆಪ್ನಿ ಟಯರಿಗೆ ಪ್ಯಾಚ್ ಹಾಕಬಹುದು ಎಂದರು. ಆಮೇಲೆ ಉಂಡೆ ಮಾಡಿದಳು, ಅದನ್ನು ಒಡೆಯಲು ನನಗೆ ಬಾಗಿಲ ಸಂದಿ ಬೇಕಾಯಿತು. ಇನ್ನು ಒಳ್ಳೆಯದಾಗಿ ಬಂದರೂ, ಮೀನಿನ ಮನೆಯ ತಿಂಡಿಯೆಂದು ಗೊತ್ತಾದರೆ ಎಸೆದಾರು ಎಂಬ ಯೋಚನೆ ಬೇರೆ. ಅಂತೂ ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಅಮ್ಮ ಅದನ್ನು ತಿಕ್ಕಿ ತಿಕ್ಕಿ ಕಪಾಟಿನ ಮೇಲೆ ಕೂರಿಸಿದಳು. ಅದರ ಮುಚ್ಚಳದಲ್ಲಿ 'ವಾರಿಜಾ' ಎಂದು ಕೆತ್ತಿತ್ತು. ನಾವು ಉಣ್ಣುವಾಗಲೆಲ್ಲ ಆ ಹೆಸರು ನಮ್ಮನ್ನೇ ನೋಡುತ್ತಿತ್ತು.

ಆಮೇಲೆಯೇ ಎದುರು ಮನೆಯ ವೈರ ಶುರುವಾದದ್ದು. ನಮ್ಮ ಬಾಗಿಲು ತೆರೆದರೆ ವಾರಿಜಕ್ಕನ ಕಣ್ಣು ನೇರ ನಮ್ಮ ಕೈಗೆ ಬರುತ್ತಿತ್ತು, ಕೈಯಿಂದ ಹಾಲ್‌ಗೆ, ಹಾಲ್‌ನಿಂದ ಅಡುಗೆಮನೆಗೆ. "ಮೂಸ್ತ್ರ್ ಅವ್ರ್," ಎಂದಳು ಅಮ್ಮ. ನಾವು ಒಗ್ಗರಣೆ ಹಾಕುವ ಹೊತ್ತಿಗೆ ಅವರ ಕಿಟಕಿ ಧಡ್ ಎಂದು ಮುಚ್ಚುತ್ತಿತ್ತು. ನಾಣಣ್ಣ ಬೊಂಬಾಯಿಯಿಂದ ತಂದ ಎಕ್ಸಾಸ್ಟ್ ಫ್ಯಾನು, ವಿಮಾನ ಏಳುವ ಹಾಗೆ, ಗುರ್ರೆಂದು ಶುರುವಾಗುತ್ತಿತ್ತು. ಅದಕ್ಕೂ ಸಾಲದೆ, ಅವರ ಬಾಗಿಲ ಸಂದಿಯಿಂದ ಸಾಂಬ್ರಾಣಿಯ ಹೊಗೆ.

"ನಮ್ ವಾಸ್ನಿಗೆ ಮನಿ ಶುದ್ಧ ಮಾಡ್ಕಂತ್ರ್," ಎಂದಳು ಅಮ್ಮ. ಅವರು ಸಾಂಬ್ರಾಣಿ ಹಾಕಿದರೆಂದು ಇವಳು ಊದುಬತ್ತಿ ಹೆಚ್ಚಿಸಿದಳು. ಇವಳು ಹೆಚ್ಚಿಸಿದಳೆಂದು ಅವರು ಕೆಂಡ ಹೆಚ್ಚಿಸಿದರು. ಮೆಟ್ಟಿಲಲ್ಲಿ ಮಂಜು ಕವಿದ ಹಾಗೆ ಹೊಗೆ. ಒಂದು ದಿನ ಪೋಸ್ಟ್‌ಮ್ಯಾನ್, ದೇವಸ್ಥಾನಕ್ಕೆ ಬಂದವನ ಹಾಗೆ, ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದ. ಇದನ್ನು ನಾನು ಸ್ವಲ್ಪ ಸೇರಿಸಿ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಪೋಸ್ಟ್‌ಮ್ಯಾನ್ ಮಾತ್ರ ನಿಜ.

ಈ ಹೊತ್ತಿಗೆ ನಾನು ಪತ್ತೇದಾರಿಕೆಗೆ ಇಳಿದೆ. ಹೊರಗಿನಿಂದ ಒಳಗೆ ಕಾಣುವ ಕಣ್ಣಿನಿಂದ ನನಗೇನೂ ಉಪಯೋಗವಿರಲಿಲ್ಲ, ಹಾಗಾಗಿ ಬಾಗಿಲಿಗೆ ಕಿವಿಯಿಟ್ಟು ಕೂರುತ್ತಿದ್ದೆ. ಅಮ್ಮನಿಗೆ ನಾನು ಪರೀಕ್ಷೆಗೆ ಓದುತ್ತಿದ್ದೇನೆ ಎಂದೇ ಲೆಕ್ಕ, ಮಡಿಲಲ್ಲಿ ಪುಸ್ತಕ ಇರುತ್ತಿತ್ತಲ್ಲ. ಹಾಗೆ ಕೂತಾಗ ಒಂದು ದಿನ ನಾಣಣ್ಣ ಬೀಗ ತೆಗೆಯುತ್ತ ಹೆಂಡತಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು.

"ಹುಷಾರಲ್ಲ್ ಇರ್ ಮಾರಾಯ್ತಿ. ಬೊಂಬಾಯಂಗೂ ಇದೇ ವಾಸ್ನಿ ಗಲಾಟಿಯಂಗೇ ಮನಿ ಖಾಲಿ ಆದ್ದ್ ಅಲ್ದಾ."

ನಾನು ಓಡಿಹೋಗಿ ಅಮ್ಮನಿಗೆ ವರದಿ ಒಪ್ಪಿಸಿದೆ: ಇವರು ಬೊಂಬಾಯಿಯಲ್ಲಿ ಒಂದು ಮನೆಯವರನ್ನು ವಾಸನೆಗೆಂದು ಎಬ್ಬಿಸಿದ ಜನ. ಅನುಭವ ಇದ್ದವರು. ಅಮ್ಮ ಹೊಲಿಗೆ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತುಳಿಯಲು ಶುರುಮಾಡಿದಳು. ಆ ರವಿಕೆಯ ಎರಡು ತೋಳೂ ಒಂದೇ ಕಡೆಗೆ ಹೊಲಿದಿದ್ದಳೆಂದು ಸಂಜೆ ಬಿಚ್ಚುವಾಗ ಗೊತ್ತಾಯಿತು.

ಎರಡನೆಯ ಸಾಕ್ಷಿ ಬೆಕ್ಕಿನದು. ಇನ್ಸ್‌ಪೆಕ್ಟರ್ ನಮ್ಮ ಮಹಡಿಗೆ ಬಂದು, ನಮ್ಮ ಬಾಗಿಲಿಗೆ ಬೆನ್ನು ಹಾಕಿ, ಎದುರು ಬಾಗಿಲನ್ನೇ ನೋಡುತ್ತ ಕೂರಲು ಶುರುಮಾಡಿತು. ನಮ್ಮ ಮೀನಿನ ತಲೆ ತಿಂದು ಬೆಳೆದ ಬೆಕ್ಕು, ಶುದ್ಧದ ಜನರ ಮುಂದೆ ನಮ್ಮ ವಿರುದ್ಧ ದೂರು ಕೊಡಲು ಕೂತಿದೆ ಎಂದು ನಾನು ತೀರ್ಮಾನಿಸಿದೆ. ನನ್ನ ತೀರ್ಮಾನಗಳ ವೇಗ ನೋಡಿ ಅಪ್ಪಯ್ಯ ನನ್ನನ್ನು ಪೊಲೀಸಿಗೆ ಸೇರಿಸಬಹುದು ಎಂದರು, ಕಳ್ಳರು ನಿಶ್ಚಿಂತೆಯಿಂದ ಇರಬಹುದು ಎಂದೂ ಸೇರಿಸಿದರು.

ದೀಪಾವಳಿ ಕಳೆದು, ನನ್ನ ಪ್ರಿಪರೇಟರಿ ಪರೀಕ್ಷೆ ಹತ್ತಿರ ಬರುವಾಗ ಓನರ್ ಫೋನು ಬಂತು. ಅಮ್ಮನೇ ಎತ್ತಿದಳು.

"ಹ್ವಾಯ್, ನಿಮ್ ಮಹಡಿದ್ ವಾಸ್ನಿ ಬಗ್ಗೆ ಕಂಪ್ಲೇಂಟ್ ಬಂದಿತ್ತ್. ಆಯ್ತಾರ ಬತ್ತೆ, ಎದ್ರಾಬದ್ರಾ ಮಾತಾಡ್ವ."

"ಯಾರ್ ಹೇಳದ್ದ್ ಮಾರಾಯ್ರೆ?"

"ಬಂದ್ ಹೇಳ್ತೆ."

ಅಮ್ಮ ಫೋನನ್ನು ಇಟ್ಟು, ಅದರ ಮೇಲೆ ಹೊದೆಸುವ ಕಸೂತಿ ಬಟ್ಟೆಯನ್ನು ಸರಿಯಾಗಿ ಹೊದೆಸಿ, ಮಂಚದಡಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ಎಳೆದಳು. ಬಸ್ರೂರಿನಿಂದ ಬರುವಾಗಿನ ಪೆಟ್ಟಿಗೆಗಳೇ. ಬಿಸಾಡಿರಲಿಲ್ಲ. ಇಷ್ಟು ದಿನ ಅವುಗಳ ಮೇಲೆಯೇ ನಾವು ಮಲಗಿದ್ದೆವು ಎಂದು ನನಗೆ ಆಗ ಗೊತ್ತಾಯಿತು.

ಅಪ್ಪಯ್ಯ ಬಂದಾಗ ಅರ್ಧ ಪಾತ್ರೆ ಪೆಟ್ಟಿಗೆಯಲ್ಲಿತ್ತು.

"ನೀವ್ ಒಂದ್ ಸಲ ಹೋಯಿ ಎದ್ರ್ ಮನಿಯರತ್ರ ಮಾತಾಡಿ ಕಾಣಿ," ಎಂದಳು ಅಮ್ಮ.

"ನಾ ದಿನಾ ಬಸ್ಸಂಗೆ ಊರ್ ಜನ್ರತ್ರೆಲ್ಲ ಜಗ್ಳ ಮಾಡಿ ಬತ್ತೆ. ಮನಿಗ್ ಬಂದ್ ಮತ್ತೂ ಮಾಡುಕೆ ಉಸ್ರಿಲ್ಲ. ಅವ್ರ್ ಹೋಯ್ನಿ ಅಂದ್ರೆ ಹೋಪ."

"ಹೋಪ," ಎಂದಳು ಅಮ್ಮ. "ಹೋಪುದೇ ಅಲ್ದಾ ನಮ್ ಕೆಲ್ಸ."

ಜಗಳ ಮಾಡಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಇಬ್ಬರೂ ಕೂತು ಹಳೆ ಪೇಪರಿನಲ್ಲಿ ಲೋಟ ಸುತ್ತತೊಡಗಿದರು, ಏನೋ ಮಾಮೂಲಿ ಕೆಲಸದ ಹಾಗೆ. ಪರೀಕ್ಷೆಯ ಹೊತ್ತಿಗೆ ನಾನು ಎಲ್ಲಿಂದ ಶಾಲೆಗೆ ಹೋಗುತ್ತೇನೆ ಎಂದು ಇಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅಮ್ಮನಿಗೆ ಉತ್ತರ ಹುಡುಕುವ ಕೆಲಸ ಬೇರೆ.

ಅದರ ಬದಲು ನಾನು ಭಾಷಣ ತಯಾರು ಮಾಡಿದೆ. ತಾಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ನನಗೆ ಸಮಾಧಾನಕರ ಬಹುಮಾನ ಬಂದಿದೆ, ಹಿಂದೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಓನರ್ ಎದುರು, ವಾರಿಜಕ್ಕನ ಎದುರು, ಮೆಟ್ಟಿಲ ಹತ್ತಿರ ನಿಂತು, ಮನುಷ್ಯನಿಗೆ ಮೀನಿನ ಮೇಲಿರುವ ಹಕ್ಕಿನಿಂದ ಶುರುಮಾಡಿ, ಬೊಂಬಾಯಿಯಲ್ಲಿ ಮನೆ ಕಳೆದುಕೊಂಡ ಆ ಪಾಪದವರ ಮೂಲಕ ಹಾದು, ಡಬ್ಬಿಯ ವಿಷಯ ತಾಗದಂತೆ ಬಳಸಿಕೊಂಡು, ಕೊನೆಯಲ್ಲಿ ಓನರ್ ಕಣ್ಣು ಒರೆಸಿಕೊಳ್ಳಬೇಕು, ಹಾಗೆ.

ಭಾನುವಾರ ಬೆಳಿಗ್ಗೆ ಎರಡು ಮಿಸ್ಡ್ ಕಾಲ್ ಬಂತು.

ಅಮ್ಮ ಮೊಣಕಾಲ ಮೇಲೆ ಕೈಯಿಟ್ಟು ಫೋನನ್ನೇ ನೋಡಿದಳು. "ಇವ್ರಿಗೆ ಇವತ್ತೇ ಆಯ್ಕಾ," ಎಂದಳು. ಆದರೆ ಅಪ್ಪಯ್ಯ ಕ್ಯಾರಿಯರ್ ಕೊಟ್ಟು ಮತ್ತೆ ಬಸ್ಸಿಗೆ ಹೋದ ಮೇಲೆ, ಬಂದ ಬಂಗಡೆಯನ್ನು ಏನು ಮಾಡುವುದು. ಪೆಟ್ಟಿಗೆಯಿಂದ ಮಣ್ಣಿನ ಪಾತ್ರೆ ತೆಗೆದಳು, ಬಿಚ್ಚಿದ ಪೇಪರನ್ನು ಮಡಚಿ ಇಟ್ಟಳು, ಮತ್ತೆ ಕಟ್ಟಬೇಕಲ್ಲ. ನಾನು ಊದುಬತ್ತಿ ಕಟ್ಟಿಗೆ ಕೈ ಹಾಕಿದೆ.

"ಬೇಡ, ಬಿಡ್," ಎಂದಳು ಅಮ್ಮ.

"ಅವ್ರಿಗ್ ವಾಸ್ನಿ ಬತ್ತಲ್ಲ."

"ಬರ್ಲಿ. ಹೋಪುದೇ ಹೌದಾರೆ ಹೆದ್ರುದ್ ಎಂತಕೆ? ಇವತ್ತ್ ಒಂದ್ ದಿನ ಆದ್ರೂ ಮೀನ್ ಸಾರನ್ನ ಮೀನ್ ಸಾರಿನ್ ಹಾಂಗೆ ಮಾಡ್ತೆ."

ಬಾಗಿಲಡಿಯ ಟವೆಲ್ ತೆಗೆದು ಹಿಂಡಿ ಒಣಗಿಸಿದಳು. ಅಡುಗೆಮನೆಯ ಕಿಟಕಿಯನ್ನು, ಆ ಮನೆಗೆ ಬಂದಮೇಲೆ ಮೀನಿನ ಅಡುಗೆಯ ಹೊತ್ತಿಗೆ ಮೊದಲ ಸಲ, ಎರಡೂ ರೆಕ್ಕೆ ತೆರೆದಳು. ಗಾಳಿ ಬಂತು. ಮೆಣಸು ಹುರಿದದ್ದು, ತೆಂಗಿನಕಾಯಿ ಅರೆದದ್ದು, ಬಂಗಡೆ ಹೋಳು ಸಾರಿಗೆ ಬಿದ್ದದ್ದು, ಎಲ್ಲದರ ಪರಿಮಳವೂ ಅದರದರ ಪಾಡಿಗೆ ಬಂತು. ಊದುಬತ್ತಿಯ ಪರದೆ ಇಲ್ಲದೆ ನಮ್ಮ ಸಾರನ್ನು ನಾನು ಗುರುತೇ ಹಿಡಿಯಲಿಲ್ಲ.

ಒಂದು ಕುದಿ ಬಂದ ಮೇಲೆ ಅಮ್ಮ ಸೌಟು ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋಗಿ ನಿಂತಳು. ಮುಖ ಹೊರಗೆ ಚಾಚಿ ಸುಮಾರು ಹೊತ್ತು ನಿಂತಳು. ಅಳುತ್ತಿದ್ದಾಳೆ ಎಂದುಕೊಂಡೆ. "ಅಮ್ಮ," ಎಂದೆ. ಅವಳು ತಿರುಗದೆ, "ಒಂಚೂರ್ ತಡಿ," ಎಂದು ಮಾತ್ರ ಹೇಳಿದಳು. ಅಷ್ಟರಲ್ಲಿ ಕೆಳಗೆ ಓನರ್ ಬೈಕ್ ನಿಂತ ಸದ್ದಾಯಿತು.

ನಾನು ಹೊರಗೆ ಬಂದು ಬಾಗಿಲಿಗೆ ಅಡ್ಡ ನಿಂತೆ. ಓನರ್ ಕರ್ಚೀಫು ಹಿಡಿದು ಹತ್ತುತ್ತಿದ್ದರು. ಮೇಲಿನಿಂದ ಅಜ್ಜ ಕಂಬಿ ಹಿಡಿದು ಇಳಿಯುತ್ತಿದ್ದರು. ಎದುರು ಬಾಗಿಲು ತೆರೆದು ವಾರಿಜಕ್ಕ ಬಂದರು, ಅವರ ಹಿಂದೆ ನಾಣಣ್ಣ. ವಾರಿಜಕ್ಕನ ಕೈಯಲ್ಲಿ ಸುರುಳಿ ಸುತ್ತಿದ ಒದ್ದೆ ಟವೆಲ್ ಇತ್ತು. ಅದೇಕೆ ಎಂದು ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ, ಭಾಷಣ ಬಾಯಿಗೆ ಬಂದಿತ್ತು. ಇನ್ಸ್‌ಪೆಕ್ಟರ್ ನಡುವೆ ಕೂತು ಎರಡೂ ಬಾಗಿಲನ್ನು ಸರದಿಯ ಮೇಲೆ ನೋಡುತ್ತಿತ್ತು.

"ಕಂಪ್ಲೇಂಟ್ ಕೊಟ್ಟದ್ದ್ ಯಾರ್ ಅಂದ್ ನಮ್ಗ್ ಗೊತ್ತಿತ್ತ್," ಎಂದು ಶುರುಮಾಡಿದೆ. "ಕುಂದಾಪ್ರದಂಗೆ ಹುಟ್ಟಿ, ಕಡ್ಲ್ ಕಾಂಬ ದೂರದಂಗೆ ಇದ್ಕಂಡ್, ಒಂದ್ ಬಂಗ್ಡಿಗೆ ಹೆದ್ರುವ ಜನ್ರ ನಡುಕೆ ನಾವ್ ಬದ್ಕ್ತಾ ಇತ್ತ್..."

"ಏ, ಒಂಚೂರ್ ನಿಲ್ಸ್ ಮಗಾ," ಎಂದರು ಓನರ್. "ಕಂಪ್ಲೇಂಟ್ ಕೊಟ್ಟದ್ದ್ ಇವ್ರ್."

ಅಜ್ಜನನ್ನು ತೋರಿಸಿದರು. ಅಜ್ಜ ಕೊನೆಯ ಮೆಟ್ಟಿಲಿನಲ್ಲಿ ಕೂತು ಉಸಿರು ಹಿಡಿದುಕೊಂಡರು.

"ಎಂತದ್ ವಾಸ್ನಿ ಅಜ್ಜ?" ಎಂದೆ.

"ಊದ್ಬತ್ತಿದ್ ಮಾರಾಯ್ತಿ. ಸಾಂಬ್ರಾಣಿದ್. ನಂಗೆ ದಮ್ಮು." ಮತ್ತೊಮ್ಮೆ ಕೆಮ್ಮಿದರು. "ಎರಡೂ ಮನಿಯರ್ ಸೇರಿ ನನ್ನ ಬದ್ಕಿಪ್ಪ ಹೊತ್ತಿಗೇ ದೇವ್ರ್ ಮಾಡಿ ಇಟ್ಟೀರಿ. ಇನ್ನ್ ನೈವೇದ್ಯ ಒಂದ್ ಬಾಕಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಆದರೆ ಕಲಿತ ಭಾಷಣವನ್ನು ಅರ್ಧಕ್ಕೆ ಬಿಡುವುದು ನನಗೆ ಗೊತ್ತಿಲ್ಲ. ಗೇರ್ ಬದಲಾಯಿಸಿದೆ.

"ಹೌದ್, ಸಾಂಬ್ರಾಣಿ. ಅದನ್ನೇ ನಾನ್ ಹೇಳುಕ್ ಹೊರ್ಟದ್ದ್. ಇವ್ರ್ ಸಾಂಬ್ರಾಣಿ ಹಾಕುದ್ ಎಂತಕೆ? ನಮ್ ಅಡ್ಗಿ ವಾಸ್ನಿ ಇವ್ರಿಗ್ ಆಪ್ದಿಲ್ಲ. ಶುದ್ಧದ್ ಜನ. ಬೊಂಬಾಯಂಗೂ ಒಂದ್ ಮನಿ ಖಾಲಿ ಮಾಡ್ಸಿ ಬಂದಿರ್."

ವಾರಿಜಕ್ಕ ಟವೆಲ್ಲನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅವರ ಮುಖ ಬಿಳಿಚಿಕೊಂಡಿತ್ತು. ನನ್ನ ಮಾತಿನ ಶಕ್ತಿ ಇಷ್ಟೆಂದು ನನಗೂ ಗೊತ್ತಿರಲಿಲ್ಲ.

"ಖಾಲಿ ಮಾಡ್ಸದ್ದ್ ಅಲ್ಲ ಮಗಾ, ನಾವೇ ಮಾಡದ್ದ್," ಎಂದರು ನಾಣಣ್ಣ ಸಣ್ಣ ಸ್ವರದಲ್ಲಿ. ಆಮೇಲೆ ಓನರ್ ಕಡೆ ತಿರುಗಿದರು. "ಹ್ವಾಯ್, ನಮ್ಗ್ ಬ್ಯಾರೆ ಮನಿ ಕಾಂಬುಕೆ ಒಂಚೂರ್ ಟೈಮ್ ಕೊಡಿ. ಇವ್ಳಿಗೆ ಮತ್ತ್ ಸಾಮಾನ್ ಕಟ್ಟುಕೆ ತ್ರಾಣ ಇಲ್ಲ."

ಇವರು ಏಕೆ ಸಾಮಾನು ಕಟ್ಟಬೇಕು ಎಂದು ನನಗೆ ಹೊಳೆಯಲಿಲ್ಲ. ಎದುರಾಳಿ ಗಲಿಬಿಲಿಗೊಂಡಿದ್ದಾರೆ, ಇದೇ ಸಮಯ ಎಂದು ನಾನು ಕೈ ಎತ್ತಿ, ಮುಕ್ತಾಯದ ಭಾಗಕ್ಕೆ, ಅಂದರೆ ಓನರ್ ಅಳಬೇಕಾದ ಭಾಗಕ್ಕೆ, ಉಸಿರು ಎಳೆದುಕೊಂಡೆ.

ಆಗ ಅಮ್ಮ ಬಂದಳು.

ಅವಳು ನನ್ನನ್ನು ಮೊಣಕೈಯಿಂದ ಬಾಗಿಲ ಪಕ್ಕಕ್ಕೆ ಸರಿಸಿದಳು, ಮೇಜು ಸರಿಸಿದ ಹಾಗೆ. ಸೆರಗಿನಲ್ಲಿ ಸುತ್ತಿ ಹಿಡಿದದ್ದು ವಾರಿಜಕ್ಕನ ಡಬ್ಬಿ. ಮುಚ್ಚಳದ ಅಂಚಿನಿಂದ ಕೆಂಪು ಸಾರು ಒಂದು ಗೆರೆ ಇಳಿದಿತ್ತು. ಓನರ್ ಎದುರೇ ನಿಂತಿದ್ದರು, ಅವಳು ಅವರತ್ತ ನೋಡಲಿಲ್ಲ.

"ಅಕ್ಕ, ನಿಮ್ ಡಬ್ಬಿ," ಎಂದಳು. "ಖಾಲಿ ಕೊಡುಕ್ ಮನ್ಸ್ ಬರ್ಲಿಲ್ಲ. ಅದ್ಕೇ ತಡ ಆಯ್ತ್."

ವಾರಿಜಕ್ಕ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಡಬ್ಬಿ ತೆಗೆದುಕೊಂಡರು. ಮುಚ್ಚಳ ಎತ್ತಿದರು. ಹಬೆ ಅವರ ಮುಖಕ್ಕೆ ಬಂತು, ಅವರು ಮುಖ ತೆಗೆಯಲಿಲ್ಲ.

"ಬಂಗ್ಡಿಯಾ?" ಎಂದರು. "ನಿಮ್ಮನ್ನ ಶುದ್ಧದ್ ಜನ ಅಂದ್ ಹೇಳಿದ್ರಲ್ಲ ಇವ್ರ್."

ಎಲ್ಲರೂ ಓನರ್ ಕಡೆ ನೋಡಿದರು. ಓನರ್ ಕರ್ಚೀಫಿನಿಂದ ಕಂಬಿ ಒರೆಸತೊಡಗಿದರು.

"ಅದೆಲ್ಲ ಮತ್ತ್ ಮಾತಾಡ್ವ ಅಕ್ಕ," ಎಂದಳು ಅಮ್ಮ. "ನಿಮ್ ಒಲಿ ಮೇಲೆ ಒಣ ಶೆಟ್ಲಿ ಹುರುಕ್ ಇಟ್ಟಿದ್ರಿಯಲ್ದಾ. ಕರ್ಟಿ ಹೋತಾ ಇತ್ತ್. ಮೊದ್ಲ್ ಹೋಯಿ ಗ್ಯಾಸ್ ಬಂದ್ ಮಾಡಿ."

ವಾರಿಜಕ್ಕ ಡಬ್ಬಿ ಸಮೇತ ಒಳಗೆ ಓಡಿದರು. ತೆರೆದ ಬಾಗಿಲಿನಿಂದ ಒಣ ಸಿಗಡಿ ಸೀದ ವಾಸನೆ ಮೆಟ್ಟಿಲಿಗೆ ಬಂತು. ಬೆಕ್ಕು ಎದ್ದು, ಯಾರ ಅಪ್ಪಣೆಯನ್ನೂ ಕೇಳದೆ, ಅವರ ಹಿಂದೆಯೇ ಹೋಯಿತು. ನಾನು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಭಾಷಣದ ಒಳ್ಳೆಯ ಭಾಗ ಪೂರ್ತಿ ಉಳಿದಿತ್ತು.

ಅಮ್ಮ ನನ್ನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು.

"ಎಂತ ನಿಂತ್ ಕಾಂತೆ?" ಎಂದಳು. "ಒಳ್ಗ್ ನಡಿ. ಆ ಪೆಟ್ಗಿ ಎಲ್ಲ ಬಿಚ್ಚ್."